ಹಿಂದಿನ ಸೀಟಿನವರು

ಸ್ಟೇಟ್ ಬ್ಯಾಂಕಿನಿಂದ ಸುರತ್ಕಲ್ಲಿಗೆ, ಸುರತ್ಕಲ್ಲಿನಿಂದ ಸ್ಟೇಟ್ ಬ್ಯಾಂಕಿಗೆ
ಹತ್ತೊಂಬತ್ತು ವರ್ಷ ಟಿಕೇಟು ಹರಿದವ ನಾನು.
ಹರಿದದ್ದೆಲ್ಲ ಜನರಿಗೇ ಕೊಟ್ಟೆ ಅಂದರೆ ಸುಳ್ಳು.
ಮಧ್ಯಾಹ್ನದ ಊಟ ಮುಗಿದ ಮೇಲೆ ಒಂದನ್ನು
ನಾಲ್ಕು ಮಡಿಕೆ ಮಾಡಿ, ಮೂಲೆ ಚೂಪು ಮಾಡಿ
ದವಡೆಯ ಸಂದಿಗೆ ತೂರಿಸುತ್ತಿದ್ದೆ.
ಬೂತಾಯಿಯ ಮುಳ್ಳು, ಹಲಸಿನ ನಾರು,
ಕೋರಿ ರೊಟ್ಟಿಯ ಚೂರು,
ಸ್ಟಾಪು ಬಂದ ಹಾಗೆ ಒಬ್ಬೊಬ್ಬರೇ ಇಳಿಯುತ್ತಿದ್ದರು.

ಆಮೇಲೆ ಮೆಷಿನು ಬಂತು.
ಅದರ ಕಾಗದ ಎಂಥದ್ದು ಮಾರಾಯ್ರೆ,
ಎಂಜಲು ತಾಗಿದರೆ ನೆನೆದ ಹಪ್ಪಳ.
ಒಂದು ಆದಿತ್ಯವಾರ ಎಡಗೆನ್ನೆ ಊದಿತು.

ಡೆಂಟಲ್ ಕಾಲೇಜಿನಲ್ಲಿ ಕಲಿಯುವ ಹುಡುಗಿ,
ಶಮ್ನಾಝ್ ಅಂತ ಬಿಳಿ ಕೋಟಿನ ಮೇಲೆ ಹೊಲಿದಿತ್ತು,
ಕನ್ನಡಿ ಹಾಕಿ ನೋಡಿ ಕೇಳಿದಳು:
"ಅಂಕಲ್, ಫ್ಲಾಸ್ ಮಾಡುವ ಅಭ್ಯಾಸ ಉಂಟಾ?"
ಬಾಯಿ ತೆರೆದಿತ್ತು, ನಗಲಿಕ್ಕಾಗಲಿಲ್ಲ.
ನನಗೆ ಗೊತ್ತಿದ್ದದ್ದು ನಮ್ಮ ಗೇಟಿನೆದುರಿನ ಫ್ಲೋಸಿ ಬಾಯಿ ಮಾತ್ರ,
ಇಗರ್ಜಿಯ ಪೂಜೆಗೆ ಆರರ ಬಸ್ಸು ತಪ್ಪಿಸದವರು,
ಸರಿಯಾದ ಚಿಲ್ಲರೆಯನ್ನು ಮುಷ್ಟಿಯಲ್ಲೇ ಬೆಚ್ಚಗೆ ಇಟ್ಟು ತರುವವರು.

ಚೀಟಿ ಬರೆದಳು. ಮೆಡಿಕಲ್ಲಿನವ ಕೊಟ್ಟದ್ದು
ಬೆಂಕಿಪೆಟ್ಟಿಗೆಯಷ್ಟು ಡಬ್ಬಿ, ನೂರಿಪ್ಪತ್ತು ರೂಪಾಯಿ,
ಒಳಗೆ ನೋಡಿದರೆ ಬರೀ ನೂಲು.
"ಮೊದಲು ಒಂದೇ ಸಂದಿ ಸಾಕು" ಅಂದಿದ್ದಳು,
"ದಿನಾ. ಆದರೆ ಒಂದೇ."

ಒಂದಾ? ದಿನಕ್ಕೆ ಸಾವಿರ ಜನರಿಗೆ ಕೈ ಒಡ್ಡುವವ ನಾನು.
ಮೊದಲ ರಾತ್ರಿಯೇ ಇಡೀ ಬಾಯಿಗೆ ನುಗ್ಗಿದೆ.
ಬೆರಳ ತುದಿ ನೇರಳೆ, ಬೇಸಿನ್ ತುಂಬ ರಕ್ತ,
ಬಾಗಿಲಲ್ಲಿ ನಿಂತ ವಾರಿಜ,
"ಬಲೆಗೆ ಬಿದ್ದ ಏಡಿಯ ಹಾಗೆ ಕಾಣ್ತೀರಿ."
ಡಬ್ಬಿಯನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಎಸೆದೆ.
ಮೂರನೇ ದಿನ ಹೆಕ್ಕಿ ತಂದೆ.
ಆರೋಗ್ಯಕ್ಕಲ್ಲ, ನೂರಿಪ್ಪತ್ತಕ್ಕೆ.

ಕಲೆಕ್ಷನ್ ಲೆಕ್ಕ ಮಾಡಿ ಬ್ಯಾಗು ತೂಗಿಸುವ ಮೊಳೆ ಉಂಟಲ್ಲ,
ಅದಕ್ಕೇ ಡಬ್ಬಿಯನ್ನೂ ಕಟ್ಟಿದೆ.
ಬ್ಯಾಗು ಮೇಲೆ ಹೋದರೆ ನೂಲು ಕೆಳಗೆ ಬರಬೇಕು.
ಅಷ್ಟೇ ಕಾನೂನು. ಒಂದೇ ಸಂದಿ.
ಹತ್ತು ದಿನಕ್ಕೆ ಅದರ ಪಕ್ಕದ್ದು, "ನನಗೆ?" ಅಂತ ಕೇಳಿದಂತಾಯಿತು.

ಒತ್ತಿದರೆ ಬೈಗುಳ, ಅದು ನನಗೆ ಮೊದಲೇ ಗೊತ್ತಿರಬೇಕಿತ್ತು.
ಸಂಜೆ ಆರರ ಟ್ರಿಪ್ಪಿನಲ್ಲಿ ನಾನು ಎದೆ ಕೊಟ್ಟು ನುಗ್ಗುತ್ತೇನಾ?
ಹೆಗಲು ಓರೆ ಮಾಡಿ, ಒಂದು ಕಂಬದಿಂದ ಇನ್ನೊಂದಕ್ಕೆ ಬಾಗಿ,
ಒಂತೆ ದುಂಬು ಪೋಲೆ, ಒಂತೆ ದುಂಬು, ಅನ್ನುತ್ತ
ಯಾರ ಕಾಲೂ ಮೆಟ್ಟದೆ ಜಾರುತ್ತೇನೆ.
ನೂಲಿಗೂ ಅದನ್ನೇ ಕಲಿಸಿದೆ.
ರಕ್ತ ನಿಂತದ್ದು ಯಾವತ್ತು ಅಂತ ಗಮನಿಸಲೇ ಇಲ್ಲ.

ಡ್ರೈವರ್ ಇದ್ದಿನಬ್ಬಾಕನ ಮಗಳ ಮದುವೆಗೆ ನಾಲ್ಕು ದಿನ ತಪ್ಪಿತು.
ಐದನೆಯ ರಾತ್ರಿ ಡಬ್ಬಿ ಮುಖ ತಿರುಗಿಸಿಕೊಂಡಂತೆ ತೂಗುತ್ತಿತ್ತು.
ಆದರೆ ನಮ್ಮ ರೂಟಿನಲ್ಲಿ
ತಪ್ಪಿದ ಬಸ್ಸಿಗೆ ಯಾರೂ ಅಳುವುದಿಲ್ಲ;
ಕೈ ಅಡ್ಡ ಹಿಡಿದು ನಿಂತರೆ ಹಿಂದೆಯೇ ಇನ್ನೊಂದು.

ಉಳಿದವರು ಹಿಂದಿನ ಸೀಟಿನವರು.
ಕಿಟಕಿಯ ಹೊರಗೇ ನೋಡುವವರು, ನಿದ್ದೆ ನಟಿಸುವವರು,
ಕೊಟ್ಟಾರ ಚೌಕಿಯಲ್ಲಿ ಹತ್ತಿ ಕುಳೂರು ಸೇತುವೆ ದಾಟಿದರೂ
ಟಿಕೇಟು ಕೇಳುವವನನ್ನು ಕಾಣದವರು.
ಬಾಯಲ್ಲೂ ಇದ್ದಾರೆ ಅಂಥವರು ಇಬ್ಬರು, ತೀರಾ ಒಳಗೆ,
ನನ್ನ ದಪ್ಪ ಬೆರಳು ತಲುಪದಲ್ಲಿ.

ಮೊನ್ನೆ ತಲುಪಿತು.
ಏನೋ ಬಂತು. ಮೂಸಿ ನೋಡಿದೆ. ಹೇಳುವುದಿಲ್ಲ.
ಎಷ್ಟು ವರ್ಷದಿಂದ ಪುಕ್ಕಟೆ ಕೂತಿದ್ದನೋ.
ಮುಕ್ಕಳಿಸಿ, ಬೇಸಿನ್ ತೊಳೆದು,
ಕತ್ತಲೆಯಲ್ಲಿ ಗೊತ್ತಿಲ್ಲದೆ ಸಿಳ್ಳೆ ಹಾಕಿದೆ.
ಸಂದಿಯಿಂದ ಗಾಳಿ ಹೆಚ್ಚು ಹೋಗಿ ಸ್ವರ ತೆಳ್ಳಗೆ ಬಂತು.
ಒಳಗೆ, ಮುಸುಕಿನೊಳಗಿಂದ, ವಾರಿಜ:
"ರೈಟ್ ಪೋಯಿ."