ಐನೂರ ಹನ್ನೊಂದು

ಕಾಗದದಲ್ಲಿ ಐನೂರ ಹನ್ನೊಂದು ಕಿಲೋಮೀಟರ್.
ಐನೂರಕ್ಕೆ ನನ್ನ ತಕರಾರಿಲ್ಲ, ಅದು ಅಂದಾಜು;
ಆ ಹನ್ನೊಂದಿದೆಯಲ್ಲ,
ನೆಲಕ್ಕೆ ಟೇಪು ಹಾಸಿ ಅಳೆದು ಬಂದವನ ಹಾಗೆ
ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ.

ಅಳೆದದ್ದು ಹೌದಂತೆ.
ಎಲ್ಲೋ ಒಂದು ಕೋಣೆ, ಇಪ್ಪತ್ತಮೂರು ಡಿಗ್ರಿಯ ಹಿತ,
ಉರುಳೆಯ ಮೇಲೆ ನಿಂತಲ್ಲೇ ಓಡುವ ಚಕ್ರ.
ಹಿಮವಿಲ್ಲ, ಎದುರುಗಾಳಿಯಿಲ್ಲ, ಹಿಂದೆ ಹೆಣವಿಲ್ಲ.
ಎಲ್ಲಿಗೂ ಹೋಗದೆ ಅಷ್ಟು ದೂರ ಹೋಗಿಬಂದ ಕಾರನ್ನು
ಉದ್ದಕ್ಕೆ ಎಳೆದು, ಕಪ್ಪು ಬಳಿದು,
ಗಾಜಿಗೆ ಪರದೆ ಕಟ್ಟಿ
ನಾರ್ವಿಕ್‌ನಲ್ಲಿ ನನ್ನ ಕೈಗೆ ಕೀಲಿ ಕೊಟ್ಟರು.

ಫೆಬ್ರವರಿ. ಮೈನಸ್ ಹದಿನಾಲ್ಕು.
ಆಸ್ಪತ್ರೆಯ ಹಿಂಬಾಗಿಲಲ್ಲಿ ಹಾಲ್ವರ್ ಬಂದರು, ಪೈನ್ ಪೆಟ್ಟಿಗೆಯಲ್ಲಿ.
ಊರು ಬಾಲ್‌ಸ್ಟಾ, ಇನ್ನೂರ ಎಂಬತ್ತೆಂಟು.
ಕಂಠಮಟ್ಟ ತುಂಬಿದ ಬ್ಯಾಟರಿ ಮುನ್ನೂರ ನಲವತ್ತೊಂದು ಅಂದಿತು.
ಅವರ ಹೆಂಡತಿ ಓಡ್ನಿ ಪಕ್ಕದಲ್ಲಿ ಕೂತರು,
ನಾನು ಹೀಟರ್ ತಿರುಗಿಸಿದೆ:
ಇನ್ನೂರ ತೊಂಬತ್ತು.
"ನನ್ನ ತೂಕಕ್ಕೆ ಇಷ್ಟು ಇಳಿಯಿತೇ?"
"ಅಲ್ಲ, ನಿಮ್ಮ ಬಿಸಿಗೆ."

ಸ್ವೊಲ್ವೇರ್‌ನಲ್ಲಿ ಚಾರ್ಜಿಗೆ ನಿಲ್ಲೋಣ ಅಂದೆ.
ಎಲ್ಲಿ, ಆ ಸಾಸೇಜು ಅಂಗಡಿಯ ಮುಂದೆಯೇ? ಅಂದರು.
ಅರ್ಧ ಗಂಟೆ ಅವನು
ಹುರಿದ ಈರುಳ್ಳಿಯ ವಾಸನೆಯಲ್ಲಿ ಮಲಗಿರಬೇಕೆ?
ನಲವತ್ತು ವರ್ಷ ಒಣಮೀನು ಮೂಸಿದ ಮೂಗು ಅದು.

ಆಮೇಲೆ ಹೇಳುತ್ತಲೇ ಹೋದರು.
ಹಾಲ್ವರ್ ಒಣಮೀನಿಗೆ ದರ್ಜೆ ಕಟ್ಟುವವನು.
ಚಳಿಯಲ್ಲಿ ಗಳಕ್ಕೆ ನೇತುಹಾಕಿದ ಕಾಡ್ ಮೀನು
ಜೂನಿನಲ್ಲಿ ಇಳಿಸುವಾಗ ಐದರಲ್ಲೊಂದು ಪಾಲು ತೂಕ.
ಹೊಸ ವ್ಯಾಪಾರಿಗಳು ಕೂಗಾಡುತ್ತಿದ್ದರಂತೆ:
ತೂಗಿದ್ದೆಷ್ಟು, ಉಳಿದದ್ದೆಷ್ಟು, ಕದ್ದವರು ಯಾರು?
ಅವನು ಹೆಬ್ಬೆರಳಲ್ಲಿ ಮೀನಿನ ಬೆನ್ನೊತ್ತಿ, ಮೂಸಿ,
"ಗಾಳಿ ತನ್ನ ಪಾಲು ತಗೊಂಡಿದೆ" ಅನ್ನುತ್ತಿದ್ದ, ಅಷ್ಟೇ.
ಗಾಳಿಯ ಮೇಲೆ ದೂರು ಬರೆದುಕೊಳ್ಳುವ ಠಾಣೆ
ಈ ದ್ವೀಪಗಳಲ್ಲಿ ಎಲ್ಲಿದೆ?

ರಾಫ್ಟ್‌ಸುಂಡ್ ಸೇತುವೆಯ ಮೇಲೆ ಅದೇ ಗಾಳಿ ಸಿಕ್ಕಿತು,
ಪಾಲಿಗೆ ಬಂದ ದಾಯಾದಿಯ ಹಾಗೆ ಅಡ್ಡಗಟ್ಟಿ.
ಹೇಳಿದ್ದು ಗಾವುದ, ನಡೆದದ್ದು ಹರದಾರಿ.
ಉಳಿದ ದಾರಿ ನೂರ ಮೂವತ್ತೊಂದು,
ಉಳಿದ ಬ್ಯಾಟರಿ ನೂರ ಹನ್ನೆರಡು.
ಓಡ್ನಿ ಸಂಖ್ಯೆಯನ್ನೇ ನೋಡುತ್ತಿದ್ದರು,
ಕಣ್ಣಿಂದಲ್ಲ, ಗಂಡನ ಹೆಬ್ಬೆರಳಿಂದ ನೋಡುವಂತೆ.
ಕೈಗವಸು ಕಳಚಿದರು. ಹೀಟರ್ ಆರಿಸಿದರು.
"ಅವನಿಗಂತೂ ಬೇಡ. ನಿನಗೆ ಬೇಕೇ?"

ನೂರ ಮೂವತ್ತಮೂರು.

ಅಲ್ಲಿಂದ ಮುಂದೆ ಮಾತಿಲ್ಲ.
ಉಸಿರು ಗಾಜಿಗೆ ಕಟ್ಟುವುದು, ಅವರು ತೋಳಿನಿಂದ ಒರೆಸುವುದು,
ನನ್ನಷ್ಟು ದಾರಿ ಬಿಟ್ಟುಕೊಟ್ಟು ತಮ್ಮಷ್ಟೂ ನೋಡಿಕೊಳ್ಳುವುದು.
ಕಾಲ್ಬೆರಳು ಒಂದೊಂದಾಗಿ ನನ್ನದಲ್ಲದಾಯಿತು.
ಮೂವರಿಗೂ ಈಗ ಒಂದೇ ಚಳಿ.

ಜೆಟ್ಟಿ ಮುಟ್ಟಿದಾಗ ಮೂರು ಉಳಿದಿತ್ತು.
"ಎಷ್ಟು ಓಡುತ್ತೆ ಇದು?" ತೂರ್‌ಲೈಫ್‌ನ ಪ್ರಶ್ನೆ,
ಪೆಟ್ಟಿಗೆಗೆ ಹೆಗಲು ಕೊಡುವ ಮೊದಲೇ.
ಈ ದೇಶದಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.
ಬಾಯಿಗೆ ಬಂದ ಹನ್ನೊಂದನ್ನು ನುಂಗಿಕೊಂಡೆ.
ಅವನು ಮೀನಿನ ಕೊಟ್ಟಿಗೆಯಿಂದ ವೈರು ಎಳೆದು ತಂದ;
ಸಾವಿನ ಮನೆಯ ಕಾಫಿ ಮುಗಿಯುವ ತನಕ
ಒಣಮೀನಿನ ಗಳದ ಕೆಳಗೆ ನನ್ನ ಕಾರು
ಗುಟುಕು ಗುಟುಕಾಗಿ ಕುಡಿಯುತ್ತ ನಿಂತಿತ್ತು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ನನ್ನದೊಂದು ನೋಟುಪುಸ್ತಕವಿದೆ,
ಪೆನ್ಸಿಲಿನ ಲೆಕ್ಕ.
ಸಿಗ್ನೆ, ನೂರ ಹತ್ತು, ಆಗಸ್ಟ್, ಕಿಟಕಿ ತೆರೆದು.
ಹೆಸರು ತಿಳಿಯದ ನಾವಿಕ, ತೊಂಬತ್ತು, ಆಲಿಕಲ್ಲು.
ಅವಳಿ ಕೂಸುಗಳು, ನಲವತ್ತಾರು, ಮೆಲ್ಲಗೆ.
ಕೆಳಗೆ ಬರೆದೆ:
ಹಾಲ್ವರ್, ಇನ್ನೂರ ಎಂಬತ್ತೆಂಟು, ನೈಋತ್ಯದ ಗಾಳಿ.
ಕೊನೆಯ ನೂರ ಮೂವತ್ತೊಂದು ಹೀಟರ್ ಇಲ್ಲದೆ,
ಮೂವರೂ ಒಪ್ಪಿ.