ಹಾಲುಹಲ್ಲು

ನನ್ನ ಮುಂಗೈ ಮೇಲೆ ಎದುರುಬದುರು ಎರಡು ಬಾಗು.
ಮೇಲೆ ಆರು ಚುಕ್ಕಿ, ಕೆಳಗೆ ಐದು.
ದೀಪದಡಿ ಹಿಡಿದು ಎಣಿಸಿದ್ದೇನೆ.
ಉಮ್ಮನ್ನಾಕ್‌ನಲ್ಲಿ ನವೆಂಬರ್ ಬಂತೆಂದರೆ
ಮಧ್ಯಾಹ್ನಕ್ಕೂ ದೀಪವೇ ಗತಿ.

ಇನಾಲುಕ್‌ಗೆ ಎರಡು ವರ್ಷ, ನಾಲ್ಕು ತಿಂಗಳು.
ಈ ವಾರ ಅವಳ ಬಾಯಿಗೆ ಸಿಕ್ಕವು:
ಸಾಲಿಕ್‌ನ ಕಿವಿ, ಮರದ ಸೀಲ್ ಒಂದರ ಬಾಲ, ನಾನು.
ಸಾಲಿಕ್‌ನ ತಾಯಿ ಕೈಗವಸು ಕಳಚದೆ
ಶಿಶುವಿಹಾರದ ಹೊಸ್ತಿಲಲ್ಲೇ ನಿಂತು ಅಂದಳು,
"ನೀವೂ ಒಂದು ಸಲ ಕಚ್ಚಿ ತೋರಿಸಿ, ಉರಿ ಏನೆಂದು ಗೊತ್ತಾಗಲಿ."
ನಾನು ನಾಲಿಗೆ ಕಚ್ಚಿಕೊಂಡೆ.
ಕಚ್ಚುವುದು ನಮಗೂ ಬಿಟ್ಟುಹೋಗಿಲ್ಲ ನೋಡಿ.

ಕರೆದೊಯ್ಯಲು ಬರುವವನು ಅಜ್ಜ, ಈನೋಕ್.
ಮೀನಿನ ವಾಸನೆ, ಹಿಮ ಕಟ್ಟಿದ ಹುಬ್ಬು, ಹನ್ನೆರಡು ನಾಯಿ.
ನನ್ನ ಕೈ ನೋಡಿದ. ಏನೂ ಕೇಳಲಿಲ್ಲ.
"ಬಾ" ಅಂದ, ಅಷ್ಟೆ.

ಬೋರಲು ಹಾಕಿದ ದೋಣಿಯಡಿ
ಐದು ಮರಿ, ಒಂದೇ ಉಸಿರಿನ ಗುಪ್ಪೆ.
ಬಿಳಿಪಾದದ್ದು ತಂಗಿಯ ಕಿವಿ ಹಿಡಿದು ಜಗ್ಗಿತು,
ಇನ್ನೂ ಜಗ್ಗಿತು,
ತಂಗಿ ಕುಂಯ್ ಎಂದು ಚೀರಿ ಬೆನ್ನು ತಿರುಗಿಸಿತು.
ಆಟ ನಿಂತುಹೋಯಿತು.
ಬಿಳಿಪಾದ ಒಂಟಿಯಾಗಿ ಕೂತು
ತನ್ನ ಬಾಯಿಯಿಂದ ಏನು ಬಿದ್ದುಹೋಯಿತೋ ಎಂಬಂತೆ
ಹಿಮ ಮೂಸಿತು.
ಆಮೇಲೆ ಮೆಲ್ಲಗೆ ಬಂದು ಅದೇ ಕಿವಿಯನ್ನು
ಮೊಟ್ಟೆ ಹಿಡಿದ ಹಾಗೆ ಹಿಡಿಯಿತು.

ಇನಾಲುಕ್ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ನನ್ನಪ್ಪನ ಕಾಲದಲ್ಲಿ," ಈನೋಕ್ ಹೇಳಿದ,
"ನಾಯಿಯ ಹಲ್ಲನ್ನು ಕಲ್ಲಿನಿಂದ ಮೊಂಡು ಮಾಡುತ್ತಿದ್ದರು.
ರಾತ್ರಿ ಜಾರುಬಂಡಿಯ ಚರ್ಮದ ಪಟ್ಟಿ ತಿಂದುಬಿಡುತ್ತಿದ್ದವಲ್ಲ."
ತಿನ್ನುವುದು ನಿಂತಿತೇ ಎಂದೆ.
"ಹಲ್ಲು ಮೊಂಡಾಯಿತು.
ಹಸಿವು ಎಲ್ಲಿ ಮೊಂಡಾದೀತು?"
ಆಮೇಲೆ ಏನೋ ನೆನಪಾಗಿ ನಕ್ಕ:
ಅವನ ಅಜ್ಜಿಯ ಹಲ್ಲು ಒಸಡಿನವರೆಗೆ ಸವೆದಿತ್ತಂತೆ,
ಮನೆಮಂದಿಯ ಬೂಟಿನ ಅಡಿಯನ್ನೆಲ್ಲ
ಅಗಿದು ಅಗಿದು ಮೆತ್ತಗೆ ಮಾಡಿ.
"ಅವಳಷ್ಟು ಕಚ್ಚಿದವರು ಈ ದ್ವೀಪದಲ್ಲೇ ಇಲ್ಲ.
ಯಾರಿಗೂ ನೋಯಲಿಲ್ಲ."

ಅಂದಿನಿಂದ ಒಂದು ಚೀಟಿ ನನ್ನ ಜೇಬಿನಲ್ಲಿ.
ಹನ್ನೊಂದು ಹತ್ತು, ಸೂಪಿಗೆ ಮುಂಚೆ.
ಕೋಟಿನ ಕೋಣೆಯಲ್ಲಿ ಎಂಟು ಮಕ್ಕಳು, ಒಂದು ಬೆಂಚು.
ಜಿಪ್ ಸಿಕ್ಕಿಕೊಂಡಾಗ.
ಸಾಲಿಕ್ ತಬ್ಬಿಕೊಂಡಾಗ (ಇದನ್ನು ಎರಡು ಸಲ ಬರೆದೆ,
ಖುಷಿ ತುಂಬಿ ತುಳುಕಿದರೂ ಹಲ್ಲಿಗೇ ಬರುತ್ತದೆ).
ಬೊಗಳಲು ಬಾರದ್ದು ಕಚ್ಚುತ್ತದೆ.

ಹತ್ತೂವರೆಗೇ ಅವಳ ಕೈಗೆ ಒಂದು ತುಂಡು ಮಾತ್ತಾಕ್ ಕೊಟ್ಟೆ,
ತಿಮಿಂಗಿಲದ ತೊಗಲು, ಜಗಿದಷ್ಟೂ ಮುಗಿಯದ್ದು.
ಬೆಂಚಿನ ತುದಿಯಲ್ಲಿ ನಾನೇ ಕೂತೆ.
ಬಾಯಿ ತೆರೆದಾಗ ನನ್ನ ಅಂಗೈ ನಡುವೆ ಬಂತು,
ಬೈಗುಳ ಬರಲಿಲ್ಲ; ಒಂದೇ ಒಂದು ಪದ ಬಂತು: ನಾಗ್ಗಾ.
ಬೇಡ ಅನ್ನು. ಹಲ್ಲಿನ ಬದಲು ಇದನ್ನು ಅನ್ನು.

ಅಂದಳು!
ಸೂಪಿಗೆ ನಾಗ್ಗಾ, ಜಿಪ್ಪಿಗೆ ನಾಗ್ಗಾ,
ಕಿಟಕಿಯಾಚೆಯ ಹಿಮಗಡ್ಡೆಗೆ ನಾಗ್ಗಾ,
ಮಲಗಿದವರನ್ನೆಲ್ಲ ಎಬ್ಬಿಸಿ ನಾಗ್ಗಾ.
ಅಡುಗೆಯ ಬೋಲೆತ್ತೆ ಕಿವಿ ಮುಚ್ಚಿಕೊಂಡು ಗೊಣಗಿದಳು,
"ಕಚ್ಚುತ್ತಿದ್ದಾಗಲೇ ವಾಸಿಯಿತ್ತು."

ಗುರುವಾರ ಮತ್ತೆ ಕಚ್ಚಿದಳು, ಸಾಲಿಕ್‌ನ ಹೆಬ್ಬೆರಳು.
ಅವನ ಬೆರಳಿಗೆ ಮೊದಲು ತಣ್ಣೀರು ಹಿಡಿದೆ,
ಇವಳನ್ನು ಆಮೇಲೆ ನೋಡಿದೆ.
ಗೋಡೆಗೆ ಒರಗಿ ಒಂಟಿಯಾಗಿ ನಿಂತಿದ್ದಳು,
ಬಿಳಿಪಾದದ ಹಾಗೆ.

ಆರು ತಿಂಗಳಾದರೆ ಆ ಮರಿಗೂ ಸರಪಳಿ.
ಕಲಿಯುವುದೆಲ್ಲ ಅದರೊಳಗೇ.

ಶುಕ್ರವಾರ, ಕೋಟಿನ ಕೋಣೆ, ಜಿಪ್ ಸಿಕ್ಕಿತು.
ಅವಳ ಬಾಯಿ ನನ್ನ ತೋಳಿಗೆ ಬಂತು.
ತಡೆಯಲು ಕೈ ಏಳಲಿಲ್ಲ, ತಡವಾಗಿತ್ತು.
ಹಲ್ಲು ಬಟ್ಟೆಗೆ ತಾಕಿತು, ನಿಂತಿತು.
ಬಿಸಿ ಉಸಿರು.
ಕಣ್ಣು ಮೇಲೆತ್ತಿ ನನ್ನನ್ನೇ ನೋಡಿದಳು.

ಒಂದು ಚುಕ್ಕಿಯೂ ಇಲ್ಲ.
ತೋಳಿನ ಮೇಲೆ ನಾಣ್ಯದಗಲ ಜೊಲ್ಲಿನ ಒದ್ದೆ.
ಸಂಜೆ ಮನೆಗೆ ನಡೆಯುವಾಗ ಚಳಿಗೆ ಅದು ಹೆಪ್ಪುಗಟ್ಟಿತು.
ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.