ತೂತಿನ ಲೆಕ್ಕ

ಮೇನ್ ರಾಜ್ಯದ ಉತ್ತರದಂಚಿನಲ್ಲಿ ವಸಂತ ತಡ.
ಏಪ್ರಿಲ್ ಕೊನೆಗೆ ಹಿಮ ಇಳಿದ ಮೇಲೆ
ಆಲ್ಸೀಡ್ ಸಿರ್‌ನ ಆಲೂಗಡ್ಡೆ ಹೊಲದಲ್ಲಿ
ಮೊದಲು ತಲೆಯೆತ್ತುವುದು ಕಲ್ಲು.
ಹೋದ ವರ್ಷ ಹೆಕ್ಕಿ ಹೆಕ್ಕಿ ಬರಿದು ಮಾಡಿದ ನೆಲವೇ ಅದು.
ಚಳಿಗಾಲವಿಡೀ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ
ಒಂದೊಂದನ್ನೂ ಭುಜ ಕೊಟ್ಟು ಎತ್ತಿರುತ್ತದೆ.
"ಬಿತ್ತದೆ ಬೆಳೆಯುವುದು ಇದೊಂದೇ" ಎಂದು ಬೈಯುತ್ತ
ಟ್ರ್ಯಾಕ್ಟರಿನಲ್ಲಿ ತಂದು ಸುರಿಯುತ್ತಾನೆ
ನಮ್ಮ ಕೊಟ್ಟಿಗೆಯ ಮುಂದೆ.
ಅವನಿಗೆ ಕಸ, ನಮಗೆ ಬಂಡವಾಳ.
ಪ್ರತಿಯಾಗಿ ವರ್ಷಕ್ಕೊಂದು ದೀಪ ಕೊಡುತ್ತೇವೆ.
ಹನ್ನೊಂದಾಗಿವೆ. ಒಂದನ್ನೂ ಹಚ್ಚಿದ್ದು ಕಂಡಿಲ್ಲ.

ಕೆಸರಿನ ತಿಂಗಳು. ರಸ್ತೆಯೆಲ್ಲ ಅಂಬಲಿ.
ಕೊರಿಯರ್ ವ್ಯಾನು ತಿರುವಿನಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ.
ಎಂಟು ಕಿಲೋ ಕಲ್ಲನ್ನು ಕೂಸಿನಂತೆ ಅವಚಿಕೊಂಡು
ಬೂಟು ಕಚ್ಚುವ ಮಣ್ಣಿನಲ್ಲಿ ನಡೆಯುತ್ತೇನೆ.
ಕಲ್ಲಿಗಿಂತ ಅಂಚೆಖರ್ಚು ಭಾರ.

ಆಯುವುದು ಲುಡಿವೀನಳ ಪಾಲಿಗೆ.
ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾಳೆ,
ಕಲ್ಲಂಗಡಿ ಹಣ್ಣು ಕೊಳ್ಳುವವರ ಹಾಗೆ.
(ನಮ್ಮದೂ ಕಲ್ಲ ಅಂಗಡಿಯೇ ತಾನೆ.)
ಠಣ್ ಎಂದರೆ ಗಟ್ಟಿ.
ಠಪ್ ಎಂದರೆ ಒಳಗೆಲ್ಲೋ ಬಿರುಕು,
ಅರ್ಧ ಕೊರೆದ ಮೇಲೆ ಕೈ ಕೊಡುತ್ತದೆ.
ಠಣ್ ಎಂದವೂ ಕೆಲವು ಕೈ ಕೊಡುತ್ತವೆ,
ಅದಕ್ಕೆ ಯಾರನ್ನು ದೂರಲಿ.

ಕೊರೆಯುವವಳು ನಾನು.
ನೀರು ಹನಿಸುತ್ತ, ವಜ್ರದ ಹಲ್ಲಿನ ಕೊಳವೆ ಇಳಿಸುತ್ತ.
ಒತ್ತಬಾರದು, ಬಿಡಲೂ ಬಾರದು.
ಬೂದುಬಣ್ಣದ ಹಾಲು ಮೊಣಕೈವರೆಗೆ ಇಳಿಯುತ್ತದೆ.
ಕೊನೆಗೆ ಕೊಳವೆಯಿಂದ ಜಾರಿ ಬೀಳುವುದು
ಹೆಬ್ಬೆರಳು ದಪ್ಪದ ಕಲ್ಲಿನ ತಿರುಳು,
ತಂತಿ ಹಾಯಲೆಂದು ಜಾಗ ಬಿಟ್ಟುಕೊಟ್ಟದ್ದು.
ಎಸೆಯಲು ಮನಸ್ಸಾಗದೆ ಬಾಗಿಲ ಪಕ್ಕ ಒಟ್ಟಿದ್ದೇನೆ.
ಅದರ ಬೆಲೆ ಈವರೆಗೆ ಯಾರೂ ಕೇಳಿಲ್ಲ.

ಬೇಸಿಗೆ: ಕಪ್ಪು ನೊಣ, ಆಮೇಲೆ ಪ್ರವಾಸಿಗರು.
"ನಿಜವಾದ ಕಲ್ಲೇ?" ಎಂದು ಉಗುರಿನಿಂದ ಕೆರೆಯುತ್ತಾರೆ.
ಹೌದು ಎನ್ನುತ್ತೇನೆ.
ಭಾರ ಎನ್ನುತ್ತಾರೆ.

ಸೆಪ್ಟೆಂಬರಿನಲ್ಲಿ ಶಾಲೆಗೆ ರಜೆ,
ಮಕ್ಕಳೆಲ್ಲ ಆಲೂಗಡ್ಡೆ ಆಯಲು ಹೊಲಕ್ಕೆ.
ನಮ್ಮಲ್ಲಿ ಪೆಟ್ಟಿಗೆ ಕಟ್ಟುವ ಹುಡುಗಿ ಜೋಸೆತ್ ಕೂಡ ಅತ್ತಲೇ.
ಅದೇ ಹೊತ್ತಿಗೆ ಆರ್ಡರುಗಳು ಮೈಮೇಲೆ ಬೀಳುತ್ತವೆ;
ಬೇಗ ಕತ್ತಲಾಗುತ್ತಿದೆ ಎಂಬುದು ನಗರದವರಿಗೆ
ಎಲ್ಲರಿಗೂ ಒಂದೇ ದಿನ ಗೊತ್ತಾಗುತ್ತದೇನೋ.

ಈ ಜನವರಿಯಲ್ಲಿ ಮಳೆ ಬಿದ್ದಲ್ಲೇ ಗಡ್ಡೆಯಾಯಿತು.
ಕಂಬಗಳು ಗಾಜು ಹೊದ್ದು ನಿಂತು
ಒಂದೊಂದಾಗಿ ಮುರಿದವು.
ಐದು ರಾತ್ರಿ ಕರೆಂಟಿಲ್ಲ.
ಮನೆಯಲ್ಲಿ ನಲವತ್ತಮೂರು ದೀಪ,
ಒಂದೂ ಹತ್ತದು.
ದೀಪದ ಬುಡದಲ್ಲಿ ಕತ್ತಲೆ ಅಂತಾರೆ,
ನಾವು ಇಷ್ಟು ವರ್ಷ ಮಾರಿದ್ದು ಬರೀ ಬುಡ, ಎಂದು
ಲುಡಿವೀನ್ ನಕ್ಕಳು, ಹಲ್ಲು ಕಟಕಟಿಸುತ್ತ.
ಕಿಟಕಿಯಾಚೆ, ಹೆಪ್ಪುಗಟ್ಟಿದ ನದಿಯಾಚೆ, ಇನ್ನೊಂದು ದೇಶದಲ್ಲಿ
ಯಾರದೋ ಅಡಿಗೆಮನೆ ಬೆಳಗುತ್ತಿತ್ತು.

ಮೂರನೆಯ ರಾತ್ರಿ ಆಲ್ಸೀಡ್ ಬಂದ.
ಬಿಸಿ ಪ್ಲೋಯ್ ದೋಸೆಗಳು ಬಟ್ಟೆಯಲ್ಲಿ ಸುತ್ತಿದ್ದು,
ಕಂಕುಳಲ್ಲಿ ನಾವೇ ಕೊಟ್ಟ ದೀಪ.
ಹೋಲ್ಡರು ಕಿತ್ತು, ಮೇಣದಬತ್ತಿಯ ಬುಡ ಚಾಕುವಿನಲ್ಲಿ ಹೆರೆದು
ತೂತಿಗೆ ಸಿಕ್ಕಿಸಿದ್ದ.
"ಹೇಗೆ ಕೂತಿದೆ ನೋಡಿ, ಅಳತೆ ತೆಗೆದ ಹಾಗೆ.
ಮಿಕ್ಕ ಹತ್ತೂ ಉರಿಯುತ್ತಿವೆ ಮನೆಯಲ್ಲಿ."
ಹನ್ನೊಂದು ಹಿತ್ತಾಳೆ ಹೋಲ್ಡರಿನ ಬೆಲೆ
ಲುಡಿವೀನ್ ಮನಸ್ಸಿನಲ್ಲೇ ಕೂಡಿಸಿದ್ದು ನಾನು ನೋಡಿದೆ.
ಬಾಯಿ ಬಿಡಲಿಲ್ಲ ಪುಣ್ಯಾತ್ಮಳು.

ಕರೆಂಟು ಬಂದದ್ದು ಆರನೆಯ ದಿನ, ಬೆಳಗಿನ ಜಾವ ನಾಲ್ಕಕ್ಕೆ.
ಯಾವ ಸ್ವಿಚ್ಚು ಯಾವಾಗ ಒತ್ತಿದ್ದೆವೋ,
ನಲವತ್ತಮೂರೂ ಒಮ್ಮೆಗೇ ಕಣ್ಣು ಬಿಟ್ಟವು.
ಕಂಬಳಿ ಹೊದ್ದು ಎದ್ದು
ಒಂದೊಂದನ್ನೇ ಆರಿಸುತ್ತ ಬಂದೆ.

ಏಪ್ರಿಲ್ಲಿಗೆ ಅವನಿಗೆ ಹನ್ನೆರಡನೆಯದು ಕೊಡಬೇಕು.
ಕಲ್ಲು ಆರಿಸಿದ್ದಾಗಿದೆ, ತೂತೂ ಆಗಿದೆ.
ತಂತಿ ಹಾಕಬೇಕೋ ಬೇಡವೋ
ಇನ್ನೂ ಮಾತಾಗಿಲ್ಲ.